ಫ್ಯಾಮಿಲಿ ಗ್ರೂಪಲ್ಲಿ ‘ಹೇಡಿ ಅಧ್ಯಕ್ಷ’ ಫಾರ್ವರ್ಡ್

ಮಾವ: (ಫಾರ್ವರ್ಡ್) ಒಂದೇ ವಾರ ಅಧ್ಯಕ್ಷ, ಆಮೇಲೆ ಶರಣಾದ ಹೇಡಿ! ನೈಜೀರಿಯಾದಿಂದ ಬೇರೆ ಆಗಿದ್ದ ಬಿಯಾಫ್ರಾದ ಜನರಲ್ ಫಿಲಿಪ್ ಎಫಿಯಾಂಗ್.

ಮಾವ: 71ರಲ್ಲಿ ಢಾಕಾದಲ್ಲಿ ಪಾಕಿಸ್ತಾನದ ಜನರಲ್ ನಿಯಾಜಿ ಮಾಡಿದ್ದೂ ಇದೇ ಕೆಲ್ಸ.

ನಾನು: ಮಾವ ಬೇಜಾರ್ ಮಾಡ್ಕೋಬೇಡಿ, ಇದನ್ನ ಒಪ್ಪೋಕಾಗಲ್ಲ. ನಿಯಾಜಿ ಬೇರೆಯವ್ರ ಮೇಲೆ ದಬ್ಬಾಳಿಕೆ ಮಾಡಿ ಸಿಕ್ಕಾಕ್ಕೊಂಡೋನು, ಎಫಿಯಾಂಗ್ ನಿಂತಿದ್ದು ತನ್ನದೇ ಜನ ಹಸಿವಿಂದ ಸಾಯ್ತಿದ್ದಾಗ. 1967ರ ಮೇ 30ಕ್ಕೆ ನೈಜೀರಿಯಾದಿಂದ ಬೇರೆ ಆಗ್ತೀವಿ ಅಂತ ಘೋಷಣೆ ಮಾಡಿದ್ದು ಬಿಯಾಫ್ರಾ ನಾಯಕ ಓಜುಕ್ವು, ಎರಡೂವರೆ ವರ್ಷ ಯುದ್ಧ ನಡೆಸಿದ್ದೂ ಅವ್ರೇ, 1970ರ ಜನವರೀಲಿ ಎಲ್ಲಾ ಕುಸಿದಾಗ ಶಾಂತಿ ಹುಡುಕ್ಕೊಂಡು ಹೋಗ್ತೀನಿ ಅಂತ ವಿಮಾನ ಹತ್ತಿ ಐವರಿ ಕೋಸ್ಟ್ ಸೇರಿದ್ರು. ಉಳಿದಿದ್ದೆಲ್ಲಾ ಎಫಿಯಾಂಗ್ ತಲೆಗೆ. ಹೇಡಿ ಯಾರು ನೀವೇ ಹೇಳಿ

ಮಾವ: ಹದಿನೇಳು ವರ್ಷ ಮಿಲಿಟ್ರೀಲಿದ್ದೋನಪ್ಪ ನಾನು. ಕಮಾಂಡ್ ಕೈಗೆ ಬಂದ್ಮೇಲೆ ಹೋರಾಡ್ಬೇಕು. ಕಾಡಿಗಿಳಿದು ಗೆರಿಲ್ಲಾ ಯುದ್ಧ ಮಾಡ್ಬಹುದಿತ್ತು.

ನಾನು: ಊಟ ಎಲ್ಲಿಂದ ಮಾವ? ಸುತ್ತ ನೈಜೀರಿಯಾದ ದಿಗ್ಬಂಧನ. ಉಲಿ ಅನ್ನೋ ಕಡೆ ರಸ್ತೇನೇ ಅಗಲ ಮಾಡಿ ರನ್‌ವೇ ಮಾಡ್ಕೊಂಡಿದ್ರು, ಊಟದ ವಿಮಾನ ಬರ್ತಿದ್ದಿದ್ದು ರಾತ್ರಿ, ಬಾಂಬ್ ಬೀಳುತ್ತೆ ಅಂತ ಇಳಿಯೋ ಹೊತ್ತಿಗೆ ಮಾತ್ರ ಲೈಟ್ ಹಾಕಿ ತಕ್ಷಣ ಆರಿಸ್ತಿದ್ರು. ಅಷ್ಟಾದ್ರೂ ಸತ್ತೋರು ಹತ್ತು ಲಕ್ಷ ದಾಟಿದ್ರು ಅನ್ನೋ ಅಂದಾಜಿದೆ, ಅದ್ರಲ್ಲಿ ಗುಂಡಿಗಿಂತ ಹಸಿವಿಗೆ ಹೋದೋರೇ ಹೆಚ್ಚು, ಮಕ್ಕಳು ಮಾವ. ಎಫಿಯಾಂಗ್ ಆರ್ಡ್ನೆನ್ಸ್ ಆಫೀಸರ್, ಅಂದ್ರೆ ಸೈನ್ಯದ ಸಾಮಾನು-ಮದ್ದುಗುಂಡು ನೋಡ್ಕೊಳ್ಳೋರು ಆಗಿದ್ದೋರು, ಗೋಡೌನಲ್ಲಿ ಏನಿಲ್ಲ ಅನ್ನೋದು ಗೊತ್ತಿಲ್ದೆ ಇರುತ್ತಾ. ಅವ್ರು ಬಿಯಾಫ್ರಾದಲ್ಲಿ ಹೆಚ್ಚಿದ್ದ ಇಗ್ಬೋ ಜನಾಂಗದೋರೂ ಅಲ್ಲ, ಇಬಿಬಿಯೋ ಅನ್ನೋ ಬೇರೆ ಜನಾಂಗ. ಆದ್ರೂ ಬಿಟ್ಟು ಓಡ್ಲಿಲ್ಲ

ಚಿಕ್ಕಮ್ಮ: ನಿಮ್ಮ ಚಿಕ್ಕಪ್ಪ 79ರಲ್ಲಿ ನೈಜೀರಿಯಾದ ಎನುಗು ಹತ್ರ ಮೇಷ್ಟ್ರಾಗಿದ್ದಾಗ ಪಕ್ಕದ್ಮನೆ ಅಜ್ಜಿ ಒಂದು ಬಿಸ್ಕತ್ ಡಬ್ಬ ತೋರ್ಸಿದ್ಳು. ತುಂಬಾ ಬಿಯಾಫ್ರಾ ನೋಟು, ಮೇಲೆ ಹುಟ್ಟೋ ಸೂರ್ಯ, ತಾಳೆಮರ. ಒಂದಕ್ಕೂ ಬೆಲೆ ಇಲ್ಲ. ಒಂದೊಂದಾಗಿ ಸೆರಗಲ್ಲಿ ಒರೆಸಿ ವಾಪಸ್ ಇಟ್ಲು. ಬ್ಯಾಂಕಲ್ಲಿ ಎಷ್ಟೇ ಇದ್ರೂ ಯುದ್ಧ ಮುಗಿದ್ಮೇಲೆ ಇಪ್ಪತ್ತೇ ಪೌಂಡ್ ಕೊಟ್ರಂತೆ.

ಮಾವ: ನೋಡ್ದಾ, ಶರಣಾಗಿ ಏನ್ ಸಿಕ್ತು?

ನಾನು: ಜೀವ ಸಿಕ್ತು ಮಾವ, ಆ ಅಜ್ಜಿ ಉಳಿದಿದ್ಳಲ್ಲ! ಇಪ್ಪತ್ತು ಪೌಂಡ್ ಅನ್ಯಾಯಾನೇ, ಅದನ್ನ ಮಾಡಿದ್ದು ಗೆದ್ದ ಸರ್ಕಾರ. ಎಫಿಯಾಂಗ್ ಜನವರಿ 12ಕ್ಕೆ ರೇಡಿಯೋದಲ್ಲಿ ಯುದ್ಧ ಸಾಕು ಅಂದ್ರು, 15ಕ್ಕೆ ಲಾಗೋಸಲ್ಲಿ ನೈಜೀರಿಯಾದ ಮುಖ್ಯಸ್ಥ ಗೋವನ್ ಮುಂದೆ ನಿಂತು ಬಿಯಾಫ್ರಾ ಇನ್ನಿಲ್ಲ ಅಂತ ತಾವೇ ಓದಿದ್ರು. ಎಲ್ಲಾರೂ ಹೆದರಿದ್ದ ಸಾಮೂಹಿಕ ಕೊಲೆ ಆಗ್ಲಿಲ್ಲ. ಓಜುಕ್ವುಗೆ 1982ರಲ್ಲಿ ಕ್ಷಮಾದಾನ ಸಿಕ್ತು. ಎಫಿಯಾಂಗ್‌ನ ಸೈನ್ಯದಿಂದ ಡಿಸ್ಮಿಸ್ ಮಾಡಿದ್ರು, ಅದು ನಿವೃತ್ತಿ ಅಂತ ಬದಲಾಗಿದ್ದು 2000ದಲ್ಲಿ, 2003ರಲ್ಲಿ ತೀರ್ಕೊಂಡ್ರು

ಮಾವ: ಮೂವತ್ತು ವರ್ಷ ಡಿಸ್ಮಿಸ್ ಅಂತಾನೇ ಇತ್ತಾ?

ನಾನು: ಹೂಂ ಮಾವ

ಮಾವ: ಆ ಫಾರ್ವರ್ಡ್ ಅಳಿಸ್ತೀನಿ ಬಿಡು. ಲಾಗೋಸಿಗೆ ಹೋಗಿ ನಿಂತಿದ್ದು ಮಾತ್ರ ಈಗ್ಲೂ ಒಪ್ಪಲ್ಲ ನಾನು. ಭಾನುವಾರ ಮನೆಗೆ ಬಾ, ಮಾತಾಡೋಣ.