ಎಆರ್‌ಡಿ ಇದ್ದರೂ ಲಿಫ್ಟ್ ನಡುವೆಯೇ ನಿಂತಿತು, ಯಾಕೆ?

ಪ್ರಶ್ನೆ: ಸರ್, ನಮ್ಮದು ಏಳು ಮಹಡಿಯ ಕಟ್ಟಡ. ಲಿಫ್ಟ್‌ಗೆ ಎಆರ್‌ಡಿ (ಆಟೋಮ್ಯಾಟಿಕ್ ರೆಸ್ಕ್ಯೂ ಡಿವೈಸ್) ಹಾಕಿಸಿ ನಾಲ್ಕು ವರ್ಷ ಆಯ್ತು. ಕರೆಂಟ್ ಹೋದರೆ ತಾನಾಗಿಯೇ ಹತ್ತಿರದ ಮಹಡಿಗೆ ಹೋಗಿ ಬಾಗಿಲು ತೆರೆಯುತ್ತದೆ ಅಂತ ಹೇಳಿದ್ದರು. ಮೊನ್ನೆ ಕರೆಂಟ್ ಹೋದಾಗ ನಮ್ಮ ಅತ್ತೆ ಒಬ್ಬರೇ ಒಳಗಿದ್ದರು. ಲಿಫ್ಟ್ ಒಂದಡಿ ಮೇಲಕ್ಕೆ ಸರಿದು ನಿಂತುಬಿಟ್ಟಿತು. 25 ನಿಮಿಷ ಕತ್ತಲಲ್ಲಿ ಕೂತಿದ್ದರು ಪಾಪ. ಈಗ ಲಿಫ್ಟ್ ಹತ್ತಲು ಒಪ್ಪುತ್ತಿಲ್ಲ. ಆಮೇಲೆ ಹೋಗಿ ನೋಡಿದರೆ ಎಆರ್‌ಡಿ ಪೆಟ್ಟಿಗೆಯಲ್ಲಿ ಹಸಿರು ದೀಪ ಉರೀತಾನೇ ಇದೆ. ಮತ್ತೆ ಯಾಕೆ ಕೈಕೊಟ್ಟಿತು? ಜನರೇಟರ್ ಹಾಕಿಸಿದರೆ ಇದರ ಗೊಡವೆಯೇ ಬೇಡ ಅಂತ ಕೆಲವರು ಹೇಳುತ್ತಿದ್ದಾರೆ. ನಿಜಾನಾ?

ಉತ್ತರ: ಮೊದಲು ಅತ್ತೆಯವರಿಗೆ ಧೈರ್ಯ ಹೇಳಿ. ಕರೆಂಟ್ ಹೋಯಿತು ಅಂತ ಲಿಫ್ಟ್ ಬೀಳುವುದಿಲ್ಲ. ಲಿಫ್ಟ್‌ನ ಬ್ರೇಕ್ ಬಿಡಿಸುವುದಕ್ಕೆ ಕರೆಂಟ್ ಬೇಕು, ಹಿಡಿಯುವುದಕ್ಕೆ ಬೇಡ. ಕರೆಂಟ್ ಹೋದ ಕ್ಷಣವೇ ಸ್ಪ್ರಿಂಗ್ ಒತ್ತಿ ಬ್ರೇಕ್ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಅವರು ಕೂತಿದ್ದ ಜಾಗ ಭದ್ರವಾಗಿಯೇ ಇತ್ತು. ಉಸಿರುಗಟ್ಟುವ ಭಯವೂ ಬೇಡ, ಲಿಫ್ಟ್‌ನಲ್ಲಿ ಗಾಳಿಯಾಡಲು ಕಿಂಡಿಗಳು ಇರುತ್ತವೆ.

ಇನ್ನು ಎಆರ್‌ಡಿ. ಕರೆಂಟ್ ಹೋದದ್ದು ಗೊತ್ತಾದ ಮೇಲೆ ಅದು ಕೆಲವು ಸೆಕೆಂಡು ಕಾಯುತ್ತದೆ. ಆಮೇಲೆ ಬ್ಯಾಟರಿಯಿಂದ ಬ್ರೇಕ್ ಬಿಡಿಸಿ, ಮೋಟರನ್ನು ನಿಧಾನವಾಗಿ ತಿರುಗಿಸಿ, ಮಹಡಿ ಸಿಕ್ಕಿದಾಗ ಬಾಗಿಲು ತೆರೆಯುತ್ತದೆ. ಯಾವ ಕಡೆ ಹೋಗುವುದು ಸುಲಭವೋ ಆ ಕಡೆಗೇ ಹೋಗುತ್ತದೆ. ಲಿಫ್ಟ್‌ನ ಹಗ್ಗದ ಇನ್ನೊಂದು ತುದಿಗೆ ತೂಗುವ ಕೌಂಟರ್‌ವೇಟ್‌ನ ತೂಕ ಅಂದರೆ ಖಾಲಿ ಲಿಫ್ಟ್‌ನ ತೂಕ, ಜೊತೆಗೆ ಅದು ಹೊರಬಲ್ಲ ಭಾರದ ಶೇಕಡಾ 40ರಿಂದ 50. ಒಳಗೆ ಒಬ್ಬರೇ ಇದ್ದರೆ ಕೌಂಟರ್‌ವೇಟೇ ಜಾಸ್ತಿ ಭಾರ. ಅದಕ್ಕೇ ನಿಮ್ಮ ಅತ್ತೆಯವರ ಲಿಫ್ಟ್ ಮೇಲಕ್ಕೆ ಸರಿದದ್ದು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ನಡೆದಿದೆ.

ಒಂದಡಿ ಹೋಗಿ ನಿಂತಿತು ಅಂದರೆ ನನಗೆ ಮೊದಲು ಅನುಮಾನ ಬರುವುದು ಬ್ಯಾಟರಿ ಮೇಲೆ. ಹಸಿರು ದೀಪ ಹೇಳುವುದು ಚಾರ್ಜರ್‌ಗೆ ಕರೆಂಟ್ ಬರುತ್ತಿದೆ ಅಂತ ಮಾತ್ರ. ಬ್ಯಾಟರಿಯಲ್ಲಿ ಎಷ್ಟು ಕಸುವು ಉಳಿದಿದೆ ಅಂತ ಅದಕ್ಕೆ ಗೊತ್ತಿಲ್ಲ. ಒಂದು ಕಡೆ ನಾನು ನೋಡಿದ್ದು ಹೇಳ್ತೀನಿ. 12 ವೋಲ್ಟ್‌ನ ನಾಲ್ಕು ಬ್ಯಾಟರಿ ಸಾಲಾಗಿ ಜೋಡಿಸಿದ್ದರು. ಸುಮ್ನೆ ಮೀಟರ್ ಇಟ್ಟರೆ 51 ವೋಲ್ಟ್. ಚೆನ್ನಾಗಿದೆ ಅಲ್ವಾ? ಬ್ರೇಕ್ ಬಿಟ್ಟು ಮೋಟರ್ ತಿರುಗಲು ಶುರುವಾದದ್ದೇ ತಡ, ಮುಳ್ಳು 34ಕ್ಕೆ ಇಳಿಯಿತು. ಟಕ್ ಅಂತ ಬ್ರೇಕ್ ಮತ್ತೆ ಹಿಡಿಯಿತು. ಮೂರನೇ ಬ್ಯಾಟರಿಯ ಪಕ್ಕ ಕೈಯಾಡಿಸಿದರೆ ಹೊಟ್ಟೆ ಉಬ್ಬಿತ್ತು.

ಈ ಸೀಲ್ ಮಾಡಿದ ಬ್ಯಾಟರಿಗಳು ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತವೆ. ಶಾಖ ಅವುಗಳ ಶತ್ರು. 25 ಡಿಗ್ರಿಯ ಮೇಲೆ ಹತ್ತು ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಾವೋ ಅವನ್ನು ತಾರಸಿ ಮೇಲಿನ ಮಷೀನ್ ರೂಮ್‌ನಲ್ಲಿ, ಬಿಸಿಲು ಕಾಯುವ ಗೋಡೆಗೆ ಒರಗಿಸಿ ಇಡುತ್ತೇವೆ. ನಿಮ್ಮದಕ್ಕೆ ನಾಲ್ಕು ವರ್ಷ. ನಾಲ್ಕು ಬ್ಯಾಟರಿ ಇದ್ದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಒಂದು ಹೊಸದು, ಮೂರು ಹಳೆಯದು ಮಾಡಿದರೆ ಹೊಸದೂ ಬೇಗ ಹಾಳಾಗುತ್ತದೆ.

ಜನರೇಟರ್ ಬೇರೆ, ಇದು ಬೇರೆ. ಜನರೇಟರ್ ಇರುವುದು ಲಿಫ್ಟ್ ಓಡಿಸಲು. ಎಆರ್‌ಡಿ ಇರುವುದು ಒಳಗಿರುವವರನ್ನು ಹೊರಗೆ ಬಿಡಲು. ಜನರೇಟರ್ ಸ್ಟಾರ್ಟ್ ಆಗದ ದಿನವೂ ಬರುತ್ತದೆ, ಡೀಸೆಲ್ ಖಾಲಿಯಾದ ದಿನವೂ ಬರುತ್ತದೆ. ಎರಡೂ ಇದ್ದರೆ ಒಂದು ವಿಷಯ ಕೇಳಿಕೊಳ್ಳಿ: ಎಆರ್‌ಡಿ ಲಿಫ್ಟನ್ನು ಒಯ್ಯುತ್ತಿರುವಾಗಲೇ ಜನರೇಟರ್ ಕರೆಂಟ್ ಬಂದರೆ ಏನಾಗುತ್ತದೆ? ಹಿಡಿದ ಕೆಲಸ ಮುಗಿಸಿ, ಬಾಗಿಲು ತೆರೆದು, ಆಮೇಲೆ ಬಿಟ್ಟುಕೊಡುವ ಹಾಗೆ ಹೊಂದಿಸಿರಬೇಕು.

ಇನ್ನೊಬ್ಬರ ಪ್ರಶ್ನೆ: ನಮ್ಮದು ಹೈಡ್ರಾಲಿಕ್ ಲಿಫ್ಟ್, ಎಣ್ಣೆಯ ಒತ್ತಡದಿಂದ ಮೇಲೇರುವಂಥದ್ದು. ನಮಗೂ ಇಷ್ಟೆಲ್ಲ ಬೇಕಾ?

ಉತ್ತರ: ನಿಮ್ಮದು ಸುಲಭ. ವಾಲ್ವ್ ತೆರೆದರೆ ಎಣ್ಣೆ ಟ್ಯಾಂಕಿಗೆ ಇಳಿಯುತ್ತದೆ, ಲಿಫ್ಟ್ ತನ್ನ ಭಾರಕ್ಕೇ ಮೆಲ್ಲಗೆ ಕೆಳಗೆ ಬರುತ್ತದೆ. ವಾಲ್ವ್‌ಗೆ ಮತ್ತು ಬಾಗಿಲಿಗೆ ಆಗುವಷ್ಟು ಚಿಕ್ಕ ಬ್ಯಾಟರಿ ಸಾಕು.

ಮತ್ತೊಬ್ಬರ ಪ್ರಶ್ನೆ: ನಮ್ಮಲ್ಲಿ ಸಿಕ್ಕಿಹಾಕಿಕೊಂಡರೆ ವಾಚ್‌ಮನ್ ಕೀ ಹಾಕಿ ಬಾಗಿಲು ತೆಗೆದು ಎಳೆದುಕೊಳ್ಳುತ್ತಾರೆ. ಐದು ನಿಮಿಷದ ಕೆಲಸ. ಎಆರ್‌ಡಿಗೆ ಯಾಕೆ ಖರ್ಚು?

ಉತ್ತರ: ದಯವಿಟ್ಟು ಇದನ್ನು ಇವತ್ತೇ ನಿಲ್ಲಿಸಿ. ಲಿಫ್ಟ್ ಮಹಡಿಗಿಂತ ಮೂರಡಿ ಮೇಲೆ ನಿಂತಿದೆ ಅಂದುಕೊಳ್ಳಿ. ಒಳಗಿರುವವರು ಕುಳಿತು ಕೆಳಕ್ಕೆ ಜಾರುತ್ತಾರೆ. ಅವರ ಕಾಲ ಹತ್ತಿರ, ಲಿಫ್ಟ್‌ನ ತಳದ ಕೆಳಗೆ, ಗುಂಡಿಯವರೆಗೂ ತೆರೆದ ಬಾವಿ. ಹೊರಗೆ ಕಾಲಿಟ್ಟವರು ಆಯ ತಪ್ಪಿ ಹಿಂದಕ್ಕೆ ವಾಲಿದರೆ ನೇರ ಅದರೊಳಗೆ. ಲಿಫ್ಟ್ ನಿಂತದ್ದರಿಂದ ಆಗುವ ಅಪಾಯಕ್ಕಿಂತ ಹೀಗೆ ಇಳಿಯಲು ಹೋಗಿ ಆಗುವ ಅಪಾಯ ತುಂಬಾ ದೊಡ್ಡದು.

ಕೈಯಿಂದ ಲಿಫ್ಟ್ ಇಳಿಸುವುದು ತರಬೇತಿ ಇರುವವರ ಕೆಲಸ. ಅವರು ಮೊದಲು ಮೇನ್ ಸ್ವಿಚ್ ಆಫ್ ಮಾಡುತ್ತಾರೆ. ಎಆರ್‌ಡಿ ಇದ್ದರೆ ಅದರ ಸ್ವಿಚ್ಚನ್ನೂ ಆಫ್ ಮಾಡಲೇಬೇಕು. ಮೇನ್ ಆಫ್ ಇದ್ದರೂ ಬ್ಯಾಟರಿ ಲಿಫ್ಟನ್ನು ಓಡಿಸಬಲ್ಲದು. ಇದು ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ.

ಒಳಗಿರುವವರಿಗೂ ಒಂದು ಮಾತು: ಬಾಗಿಲು ಎಳೆಯಬೇಡಿ. ಬಾಗಿಲು ಸ್ವಲ್ಪ ಸರಿದರೂ ಡೋರ್ ಲಾಕ್ ಬಿಟ್ಟುಕೊಳ್ಳುತ್ತದೆ, ಎಆರ್‌ಡಿ ಅಲ್ಲೇ ನಿಲ್ಲುತ್ತದೆ. ಬೆಲ್ ಒತ್ತಿ ಕಾಯಿರಿ. ಮತ್ತೆ ಬೆಂಕಿ ಬಿದ್ದಾಗ ಎಆರ್‌ಡಿ ಇದೆ ಅಂತ ಯಾರೂ ಲಿಫ್ಟ್ ಹತ್ತಬಾರದು, ಮೆಟ್ಟಿಲಿನಲ್ಲೇ ಇಳಿಯಿರಿ.

ಮೊದಲು ಕೇಳಿದವರು: ಸರ್, ನೀವು ಹೇಳಿದ್ದೇ ಸರಿ. ಸರ್ವಿಸ್‌ನವರು ತೆರೆದು ನೋಡಿದರು, ಎರಡು ಬ್ಯಾಟರಿ ಉಬ್ಬಿವೆ. ನಾಲ್ಕೂ ಬದಲಿಸುತ್ತಿದ್ದಾರೆ. ಇನ್ನು ಮುಂದೆ ಚೆಕ್ ಮಾಡುವುದು ಹೇಗೆ?

ಉತ್ತರ: ತಿಂಗಳಿಗೊಮ್ಮೆ, ಸರ್ವಿಸ್‌ನವರು ಬಂದಾಗ, ನೀವೂ ನಿಂತು ನೋಡಿ. ಖಾಲಿ ಲಿಫ್ಟ್ ಎರಡು ಮಹಡಿಗಳ ನಡುವೆ ಇರುವಾಗ ಕರೆಂಟ್ ತೆಗೆಸಿ. ಮಹಡಿಗೆ ಬಂದು ಬಾಗಿಲು ಪೂರ್ತಿ ತೆರೆಯಬೇಕು. ವರ್ಷಕ್ಕೆ ಒಂದೆರಡು ಸಲ ಅರ್ಧ ಭಾರ ಹಾಕಿ ಮಾಡಿಸಿ. ಆಗ ಎರಡೂ ಕಡೆ ತೂಕ ಸಮ, ಯಾವ ಕಡೆಯೂ ಎಳೆತ ಸಿಗುವುದಿಲ್ಲ. ಮೋಟರ್ ಪೂರ್ತಿ ಬ್ಯಾಟರಿ ಬಲದಿಂದಲೇ ತಿರುಗಬೇಕು. ಬ್ಯಾಟರಿಯ ನಿಜವಾದ ಶಕ್ತಿ ಗೊತ್ತಾಗುವುದು ಅಲ್ಲೇ. ಮೂರು ಫೇಸ್‌ನಲ್ಲಿ ಒಂದು ಮಾತ್ರ ಹೋದರೂ ಎಆರ್‌ಡಿ ಎಚ್ಚರವಾಗುತ್ತದಾ ಅಂತಲೂ ನೋಡಿಸಿ.

ಅತ್ತೆಯವರು ಕತ್ತಲಲ್ಲಿ ಕೂತಿದ್ದರು ಅಂದಿರಿ. ಹಾಗಾಗಬಾರದಿತ್ತು. ಒಳಗೆ ಎಮರ್ಜೆನ್ಸಿ ದೀಪ ಇರಬೇಕು, ಯುರೋಪಿನ ಇಎನ್ 81-20 ನಿಯಮದ ಪ್ರಕಾರ ಅದು ಕನಿಷ್ಠ ಒಂದು ಗಂಟೆ ಉರಿಯಬೇಕು. ಅದಕ್ಕೆ ಬೇರೆಯೇ ಚಿಕ್ಕ ಬ್ಯಾಟರಿ ಇರುತ್ತದೆ, ಅದನ್ನೂ ಈ ಸಲವೇ ಬದಲಿಸಿಬಿಡಿ. ಹೊಸ ಬ್ಯಾಟರಿಗಳ ಮೇಲೆ ಮಾರ್ಕರ್‌ನಲ್ಲಿ ಇವತ್ತಿನ ತಾರೀಖು ಬರೆಸಿ. ಎಲ್ಲ ಆದ ಮೇಲೆ ಅತ್ತೆಯವರನ್ನು ಕರೆದು, ಖಾಲಿ ಲಿಫ್ಟ್ ತಾನಾಗಿ ಬಂದು ಬಾಗಿಲು ತೆರೆಯುವುದನ್ನು ಹೊರಗೆ ನಿಂತು ನೋಡಲು ಹೇಳಿ.