ಪುಟ್ಟಿ ಹಡಗು ಹತ್ತಲಿಕ್ಕೆ ಎಷ್ಟು ವರ್ಷ ಆಗಬೇಕು?

ಇದು ನಮ್ಮ ಕುಟುಂಬದ ‘ಮೂಲಮನೆ’ ಮೆಸೇಜ್ ಗುಂಪಿನಲ್ಲಿ ಕಳೆದ ಶನಿವಾರ ರಾತ್ರಿ ನಡೆದ ಮಾತು. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರು ತೆಗೆದಿದ್ದೇನೆ, ನನ್ನ ಫೋನಿನಲ್ಲಿ ಯಾರನ್ನು ಹೇಗೆ ಸೇವ್ ಮಾಡಿದ್ದೇನೋ ಹಾಗೇ ಉಂಟು. ಪುಟ್ಟಿ ನನ್ನ ಅಣ್ಣನ ಮಗಳು. ಮಂಗಳೂರಿನಲ್ಲಿ ಪಿಯುಸಿ ಎರಡನೇ ವರ್ಷದ ಪರೀಕ್ಷೆ ಈಗಷ್ಟೇ ಮುಗಿಸಿದ್ದಾಳೆ. ಮೇ ತಿಂಗಳಲ್ಲಿ ಗೆಳತಿಯ ಜೊತೆ ಸಿಂಗಾಪುರದಿಂದ ಹೊರಡುವ ನಾಲ್ಕು ರಾತ್ರಿಯ ಕ್ರೂಸ್‌ಗೆ ಹೋಗಬೇಕು ಅಂತ ಅವಳ ಆಸೆ. ನಾನು ಮದುವೆಗೆ ಮುಂಚೆ ಆರು ವರ್ಷ ಕ್ರೂಸ್ ಹಡಗಿನಲ್ಲಿ ಗೆಸ್ಟ್ ಸರ್ವಿಸ್ ಕೌಂಟರಿನಲ್ಲಿ ಕೆಲಸ ಮಾಡಿದವಳು. ಹಾಗಾಗಿ ಸುಮ್ಮನೆ ಕೂರಲಿಕ್ಕೆ ಆಗಲಿಲ್ಲ.

ಪಣಂಬೂರು ಮಾವ ಒಂದು ಸ್ಕ್ರೀನ್‌ಶಾಟ್ ಹಾಕಿದ್ದರಿಂದ ಶುರು.

ಪಣಂಬೂರು ಮಾವ, 8:04
ಎಲ್ಲರೂ ಓದಿ. 21 ತುಂಬದವರನ್ನು ದೊಡ್ಡವರು ಜೊತೆಗಿಲ್ಲದೆ ಹಡಗು ಹತ್ತಿಸುವುದಿಲ್ಲ ಅಂತ ಕಂಪನಿಯವರೇ ಬರೆದಿದ್ದಾರೆ. ಪುಟ್ಟಿಗೆ ಮೇಯಲ್ಲಿ 18. ಇನ್ನು ಮಾತಾಡಲಿಕ್ಕೆ ಎಂತ ಉಂಟು?

ಅಣ್ಣ, 8:06
ಸರಿ ಮಾವ. ನಾನೂ ಬೇಡ ಅಂತಲೇ ಹೇಳಿದ್ದು.

ಪುಟ್ಟಿ, 8:07
ಪಣಂಬೂರು ಅಜ್ಜ, ಅದು ಯಾವ ಊರಿನಿಂದ ಹೊರಡುವ ಹಡಗು ಅಂತ ಅದರಲ್ಲಿ ಇಲ್ವಲ್ಲ?

ಪಣಂಬೂರು ಮಾವ, 8:08
ಯಾವ ಊರಿನದ್ದಾದರೇನು ಮಗೂ. ಸಮುದ್ರ ಒಂದೇ ಅಲ್ವಾ.

ನಾನು, 8:13
ಮಾವ, ಅವಳು ಕೇಳಿದ್ದು ಸರಿ ಉಂಟು. ವಯಸ್ಸಿನ ಲೆಕ್ಕ ನಿಂತಿರುವುದು ಹೊರಡುವ ಬಂದರಿನ ಮೇಲೆ. ನೀವು ಕಳಿಸಿದ್ದು ರಾಯಲ್ ಕೆರಿಬಿಯನ್‌ನವರ ನಿಯಮ. ಅವರಲ್ಲಿ ಉತ್ತರ ಅಮೆರಿಕದಿಂದ ಹೊರಡುವ ಹಡಗಿಗೆ 21. ಅದೇ ಕಂಪನಿಯ ಹಡಗು ಏಷ್ಯಾ, ಯುರೋಪ್ ಅಥವಾ ಆಸ್ಟ್ರೇಲಿಯಾದಿಂದ ಹೊರಟರೆ 18. ಆ ಮಾತು ನಿಮ್ಮ ಸ್ಕ್ರೀನ್‌ಶಾಟ್‌ನಲ್ಲಿ ಇಲ್ಲ. ನಿಮಗೆ ಕಳಿಸಿದವರು ಅರ್ಧ ಪುಟ ಕತ್ತರಿಸಿ ಕಳಿಸಿದ್ದಾರೆ.

ಅಣ್ಣ, 8:15
ಒಂದೇ ಕಂಪನಿಗೆ ಎರಡು ನಿಯಮವಾ?

ನಾನು, 8:21
ಹೌದು ಅಣ್ಣ. ಅಮೆರಿಕದಲ್ಲಿ 1984ರ ಕಾನೂನು ಬಂದ ಮೇಲೆ ಎಲ್ಲ ರಾಜ್ಯಗಳಲ್ಲೂ ಮದ್ಯ ಕೊಳ್ಳಲಿಕ್ಕೆ 21 ಆಗಬೇಕು. ಅಲ್ಲಿಂದ ಹೊರಡುವ ಹಡಗಿನ ಬಾರಿನಲ್ಲೂ 21. ಒಂದೇ ಕೋಣೆಯಲ್ಲಿ ನಾಲ್ಕು ಕಾಲೇಜು ಮಕ್ಕಳು, ದೊಡ್ಡವರು ಯಾರೂ ಇಲ್ಲ, ಹಡಗಿನ ತುಂಬ ಬಾರು. ಆ ಜವಾಬ್ದಾರಿ ಕಂಪನಿಗೆ ಬೇಡ. ಕಾರ್ನಿವಲ್ ಅನ್ನುವ ಇನ್ನೊಂದು ಹಡಗು ಕಂಪನಿಯವರು ಇನ್ನೂ ಬಿಗಿ. 21ರ ಕೆಳಗಿನವರ ಜೊತೆ ಅದೇ ಕೋಣೆಯಲ್ಲಿ 25 ತುಂಬಿದ ಸಂಬಂಧಿಕರು ಇರಬೇಕು ಅನ್ನುತ್ತಾರೆ. ಅದೇ ಅಮೆರಿಕದಲ್ಲಿ ಡಿಸ್ನಿ ಕಂಪನಿಯ ಹಡಗಿಗೆ 18 ಸಾಕು. ಸಿಂಗಾಪುರದಿಂದ ಹೊರಟರೆ ರಾಯಲ್ ಕೆರಿಬಿಯನ್‌ನಲ್ಲಿ ಕೋಣೆಗೂ 18, ಬಾರಿಗೂ 18.

ದೊಡ್ಡಪ್ಪ, 8:26
ಬಾರಿನ ಮಾತು ಇಲ್ಲಿ ಬೇಡ. ನನ್ನದು ಒಂದೇ ಪ್ರಶ್ನೆ. ನಾವೆಲ್ಲ ಮೊದಲ ವೋಟು ಹಾಕಿದ್ದೇ 21 ತುಂಬಿದ ಮೇಲೆ. 1977ರ ಚುನಾವಣೆಗೆ ಉಡುಪಿಯಲ್ಲಿ ಕ್ಯೂ ನಿಂತದ್ದು ಇನ್ನೂ ನೆನಪಿದೆ. 21ಕ್ಕೆ ಬುದ್ಧಿ ಬಲಿಯುತ್ತದೆ ಅಂತ ಸರಕಾರಕ್ಕೂ ಗೊತ್ತಿತ್ತು.

ನಾನು, 8:29
ದೊಡ್ಡಪ್ಪ, 1989ರಲ್ಲಿ ಅದನ್ನು 18ಕ್ಕೆ ಇಳಿಸಿದ್ದೂ ಸರಕಾರವೇ. ಮುಂದಿನ ಚುನಾವಣೆಗೆ ಪುಟ್ಟಿ ನಿಮ್ಮ ಜೊತೆಗೇ ಕ್ಯೂ ನಿಲ್ಲುತ್ತಾಳೆ. ಇನ್ನೊಂದು ವಿಷಯ. ಈ 21ರ ನಿಯಮದಲ್ಲಿ ಒಂದು ವಿನಾಯಿತಿ ಉಂಟು. ಗಂಡ ಹೆಂಡತಿಯಾದರೆ, ಇಬ್ಬರಿಗೂ 21 ಆಗದಿದ್ದರೂ ಮದುವೆ ಸರ್ಟಿಫಿಕೇಟ್ ತೋರಿಸಿ ಹೋಗಬಹುದು. ಹಾಗಾದರೆ ಇದು ಬುದ್ಧಿಯ ಅಳತೆ ಹೇಗಾಯಿತು? 19ಕ್ಕೆ ಮದುವೆಯಾದ ಹುಡುಗಿಗೆ ದಾರಿ ಉಂಟು, 20ರ ವಿದ್ಯಾರ್ಥಿನಿಗೆ ಇಲ್ಲ. ಇದು ಕಂಪನಿ ತನ್ನ ತಲೆನೋವು ತಪ್ಪಿಸಿಕೊಳ್ಳಲಿಕ್ಕೆ ಮಾಡಿಕೊಂಡದ್ದು. ಅದನ್ನು ಹಿಡಿದು ನಮ್ಮ ಹುಡುಗಿಗೆ ಬುದ್ಧಿ ಇಲ್ಲ ಅನ್ನಬೇಡಿ. ನನಗೆ ಬೇಸರ ಆಗುತ್ತದೆ.

ಇಲ್ಲಿ ಸ್ವಲ್ಪ ಹೊತ್ತು ಯಾರೂ ಬರೆಯಲಿಲ್ಲ. ಆಮೇಲೆ ಅತ್ತಿಗೆ ಬಂದರು. ಅವರು ಗುಂಪಿನಲ್ಲಿ ಬರೆಯುವುದೇ ಕಡಿಮೆ.

ಅತ್ತಿಗೆ, 8:41
ನನಗೆ 18, 21 ಎಲ್ಲ ಗೊತ್ತಿಲ್ಲ. ಅವಳು ಬಸ್ಸಿನಲ್ಲಿ ಉಡುಪಿಗೆ ಹೋದರೂ ಮುಲ್ಕಿ ದಾಟಿದ್ದಕ್ಕೊಂದು, ಪಡುಬಿದ್ರಿ ದಾಟಿದ್ದಕ್ಕೊಂದು ಮೆಸೇಜ್ ಹಾಕುತ್ತಾಳೆ. ಸಮುದ್ರದ ನಡುವೆ ಎಲ್ಲಿಂದ ಹಾಕುತ್ತಾಳೆ? ರಾತ್ರಿ ಯಾರಾದರೂ ಬಾಗಿಲು ತಟ್ಟಿದರೆ ಅವಳು ಯಾರನ್ನು ಕರೆಯಬೇಕು? ಅದನ್ನು ಯಾರಾದರೂ ಹೇಳಿ.

ನಾನು, 8:50
ಅತ್ತಿಗೆ, ನಿಮ್ಮ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಕೋಣೆಯ ಫೋನಿನಿಂದ ಕರೆದರೆ ನಮ್ಮ ಕೌಂಟರಿನಲ್ಲಿ ರಾತ್ರಿ ಮೂರು ಗಂಟೆಗೂ ಒಬ್ಬರು ಎತ್ತುತ್ತಿದ್ದೆವು. ಸೆಕ್ಯುರಿಟಿಯವರು 24 ಗಂಟೆ ಇರುತ್ತಾರೆ. ಓಣಿಗಳಲ್ಲಿ ಕ್ಯಾಮೆರಾ ಉಂಟು. ನಮ್ಮ ಹಡಗಿನಲ್ಲಿ ಕೆಲಸದವರು ಕೆಲಸ ಬಿಟ್ಟು ಬೇರೆ ಕಾರಣಕ್ಕೆ ಪ್ರಯಾಣಿಕರ ಕೋಣೆಗೆ ಕಾಲಿಟ್ಟರೆ ಮುಂದಿನ ಬಂದರಿನಲ್ಲೇ ಇಳಿಸಿ ಮನೆಗೆ ಕಳಿಸುತ್ತಿದ್ದರು. ಆದರೂ ಹೆದರಿಕೆಯೇ ಇಲ್ಲ ಅಂತ ನಾನು ಹೇಳುವುದಿಲ್ಲ. ಹಡಗು ಅಂದರೆ ಸಾವಿರಾರು ಜನ ಇರುವ ಊರು. ಊರಿನಲ್ಲಿರುವ ಎಲ್ಲ ಥರದವರೂ ಅಲ್ಲಿ ಇರುತ್ತಾರೆ. ಕೋಣೆಯ ನಂಬರ್ ಯಾರಿಗೂ ಹೇಳಬಾರದು. ತಾನು ಕಣ್ಣಿಟ್ಟಿರದ ಗ್ಲಾಸಿನಿಂದ ನೀರನ್ನೂ ಕುಡಿಯಬಾರದು. ಒಳಗಿನ ಚಿಲಕ ಹಾಕಿಯೇ ಮಲಗಬೇಕು. ಇದನ್ನೆಲ್ಲ ನಾನೇ ಎದುರು ಕೂರಿಸಿಕೊಂಡು ಹೇಳಿಕೊಡುತ್ತೇನೆ. ವೈಫೈ ದುಡ್ಡು ನನ್ನದು. ಬೆಳಿಗ್ಗೆ, ರಾತ್ರಿ ನಿಮಗೆ ಮೆಸೇಜ್ ಬರುತ್ತದೆ.

ಕುಂದಾಪುರ ಚಿಕ್ಕಮ್ಮ, 8:54
ನಾನೊಂದು ಹೇಳುತ್ತೇನೆ, ಯಾರೂ ಬೇಜಾರು ಮಾಡಬೇಡಿ. ನನ್ನ ಮಗ ಪಿಯುಸಿ ಆದ ಕೂಡಲೇ ಹಡಗಿನ ಅಧಿಕಾರಿಯಾಗಲಿಕ್ಕೆ ಓದುವ ಡಿಎನ್‌ಎಸ್ ಕೋರ್ಸಿಗೆ ಅಂತ ಮನೆ ಬಿಟ್ಟ. 19ಕ್ಕೆ ಕೆಡೆಟ್, ಅಂದರೆ ಕಲಿಯುವ ಹುಡುಗ, ಆಗಿ ಹಡಗು ಹತ್ತಿದ. 18 ತಿಂಗಳ ಸಮುದ್ರದ ಟ್ರೇನಿಂಗ್. ಬಜಪೆ ವಿಮಾನ ನಿಲ್ದಾಣದಲ್ಲಿ ಅವನನ್ನು ಬಿಟ್ಟು ಬಂದ ರಾತ್ರಿ ಇದೇ ಗುಂಪಿನಲ್ಲಿ ನೀವೆಲ್ಲ ಶುಭಾಶಯ ಹಾಕಿದ್ದೀರಿ. ರಾತ್ರಿ ಬಾಗಿಲು ತಟ್ಟಿದರೆ ಅವನು ಯಾರನ್ನು ಕರೆಯಬೇಕು ಅಂತ ಒಬ್ಬರೂ ಕೇಳಲಿಲ್ಲ. ನಾನು ಅಡುಗೆಮನೆಯಲ್ಲಿ ಕೂತು ಒಬ್ಬಳೇ ಅತ್ತೆ.

ಪಣಂಬೂರು ಮಾವ, 8:57
ಅದು ಕೆಲಸ. ಇದು ಮೋಜು. ಮತ್ತೆ ಅವನು ಹುಡುಗ.

ಕುಂದಾಪುರ ಚಿಕ್ಕಮ್ಮ, 8:58
ಪಣಂಬೂರು ಅಣ್ಣ, ನೀವು ಅಂದ ಕೊನೆಯ ಮಾತೇ ನಿಜವಾದ ಕಾರಣ. ಮೊದಲಿನ ಎರಡು ಅಲ್ಲ.

ಚಿಕ್ಕಮ್ಮ ಅಷ್ಟು ನೇರವಾಗಿ ಮಾತಾಡಿದ್ದನ್ನು ನಾನು ನೋಡಿದ್ದೇ ಇಲ್ಲ. ಮಾವನನ್ನೂ ನಾನು ಬಲ್ಲೆ. ಕೆಟ್ಟ ಮನಸ್ಸಿನವರಲ್ಲ. ಪುಟ್ಟಿಗೆ ಹಡಗಿನ ಹುಚ್ಚು ಹಿಡಿಸಿದವರೇ ಅವರು. ಎರಡು ವರ್ಷದ ಹಿಂದೆ, ಡಿಸೆಂಬರಿನ ಒಂದು ಬೆಳಿಗ್ಗೆ, ನಮ್ಮನ್ನೆಲ್ಲ ಪಣಂಬೂರು ಬೀಚಿಗೆ ಕರೆದುಕೊಂಡು ಹೋಗಿದ್ದರು. ಮಂಜು ಇನ್ನೂ ಬಿಟ್ಟಿರಲಿಲ್ಲ. ಬಿಳಿ ಹಡಗೊಂದು ಅದನ್ನು ಎಳೆಯುವ ಟಗ್ಗು ದೋಣಿಗಳ ಹಿಂದೆ ಮೆಲ್ಲನೆ ನವಮಂಗಳೂರು ಬಂದರಿನ ಒಳಗೆ ಹೋಗುತ್ತಿತ್ತು. ಮಾವ ಕೈ ಚಾಚಿ ಒಂದೊಂದೇ ಹೇಳುತ್ತಿದ್ದರು: ಅದು ಪೈಲಟ್ ದೋಣಿ, ಅದು ಲೈಫ್‌ಬೋಟ್ ಸಾಲು, ಕೆಳಗಿನ ದುಂಡು ಕಿಟಕಿಗಳ ಒಳಗೆ ಕೆಲಸದವರ ಕೋಣೆ. ಆಮೇಲೆ ಆ ಹಡಗಿನವರು ಬಸ್ಸುಗಳಲ್ಲಿ ಕುದ್ರೋಳಿಗೂ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೂ ಹೋದರು. ಅವರೆಲ್ಲ ನಮ್ಮ ಊರು ನೋಡಲಿಕ್ಕೆ ಬರುತ್ತಾರೆ, ನಾವು ಯಾಕೆ ಅವರ ಹಾಗೆ ಹೋಗುವುದಿಲ್ಲ ಅಂತ ಪುಟ್ಟಿ ಕೇಳಿದ್ದಳು. ಮಾವ ಆಗ, ನೀನು ದೊಡ್ಡವಳಾದ ಮೇಲೆ ಹೋಗು ಮಗೂ, ಅಂದಿದ್ದರು. ಅದನ್ನು ಅವರು ಮರೆತಿರಬಹುದು, ಅವಳು ಮರೆತಿಲ್ಲ.

ಹಡಗಿನ ತಮ್ಮ (ಚಿಕ್ಕಮ್ಮನ ಆ ಮಗ), 9:12
ಈಗ ನೆಟ್‌ವರ್ಕ್ ಸಿಕ್ಕಿತು, ಎಲ್ಲ ಓದಿದೆ. ಪುಟ್ಟಿ ಹೋಗಲಿ. ನನ್ನದು ಒಂದೇ ಷರತ್ತು. ಹತ್ತಿದ ಕೂಡಲೇ ಮಸ್ಟರ್ ಡ್ರಿಲ್ ಇರುತ್ತದೆ, ಅಂದರೆ ಅಪಾಯ ಬಂದರೆ ಎಲ್ಲಿ ಸೇರಬೇಕು, ಏನು ಮಾಡಬೇಕು ಅಂತ ಕಲಿಸುವ ಅಭ್ಯಾಸ. ಊಟ, ಫೋಟೋ ಎಲ್ಲ ಆಮೇಲೆ. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಹತ್ತಿರ ಕೋಸ್ಟಾ ಕಾಂಕೋರ್ಡಿಯಾ ಅನ್ನುವ ಕ್ರೂಸ್ ಹಡಗು ಬಂಡೆಗೆ ತಾಗಿ ಮಗುಚಿತು. 32 ಜನ ತೀರಿಕೊಂಡರು. ಅವತ್ತೇ ಹತ್ತಿದ್ದ ನೂರಾರು ಜನರಿಗೆ ಡ್ರಿಲ್ ಆಗಿರಲೇ ಇಲ್ಲ. ಅದಾದ ಮೇಲೆ ನಿಯಮ ಬದಲಾಯಿತು. ಈಗ ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಮಾಡಬೇಕು. ತನ್ನ ಕೋಣೆಯಿಂದ ಮಸ್ಟರ್ ಸ್ಟೇಷನ್‌ಗೆ, ಅಂದರೆ ಆ ಸೇರುವ ಜಾಗಕ್ಕೆ, ಹೋಗುವ ದಾರಿ ಅವಳು ಎರಡು ಸಲ ನಡೆದು ನೋಡಬೇಕು.

ಪುಟ್ಟಿ, 9:13
ಮಾಡ್ತೇನೆ ಚಿಕ್ಕಪ್ಪ. ಪ್ರಾಮಿಸ್.

ಅಣ್ಣ, 9:20
ಎಲ್ಲ ಸರಿ. ಹೊರಡುವುದು ಯಾವಾಗ?

ಪುಟ್ಟಿ, 9:21
ಮೇ 13 ಅಪ್ಪ. ನಂದು 14ಕ್ಕೆ ಬರ್ತ್‌ಡೇ, ಅವಳದ್ದು 16ಕ್ಕೆ. ಇಬ್ಬರದ್ದೂ ಹಡಗಿನಲ್ಲೇ ಆಗಬೇಕು ಅಂತ ಎರಡು ವರ್ಷದಿಂದ ಪ್ಲಾನ್.

ಇದನ್ನು ಓದಿ ನನ್ನ ಕೈ ನಿಂತಿತು. ಒಂದು ಗಂಟೆಗೂ ಹೆಚ್ಚು ಹೊತ್ತು ಅವಳ ಪರ ಮಾತಾಡಿ, ಹೊರಡುವ ತಾರೀಕನ್ನೇ ಕೇಳಿರಲಿಲ್ಲ. ಅದು ನನ್ನ ತಪ್ಪು.

ನಾನು, 9:34
ಪುಟ್ಟಿ, ಇದನ್ನು ಸಮಾಧಾನದಿಂದ ಓದು. ನೋಡುವುದು ಹಡಗು ಹೊರಡುವ ದಿನದ ವಯಸ್ಸು. ನಡುವೆ ತುಂಬುವುದು ಲೆಕ್ಕಕ್ಕೆ ಬರುವುದಿಲ್ಲ. ಮೇ 13ಕ್ಕೆ ನಿಮಗಿಬ್ಬರಿಗೂ 17.

ನಾನು ಹಡಗಿನಲ್ಲಿದ್ದಾಗ, ಫ್ಲೋರಿಡಾದ ಒಂದು ಬಂದರಿನಲ್ಲಿ ಚೆಕ್-ಇನ್ ಕೌಂಟರಿಗೆ ಸಹಾಯಕ್ಕೆ ಇಳಿದಿದ್ದೆ. ಇಬ್ಬರು ಹುಡುಗಿಯರು ಬಂದರು. ಒಬ್ಬಳಿಗೆ 20. ಇನ್ನೊಬ್ಬಳಿಗೆ ಮೂರನೇ ದಿನ 21 ತುಂಬುವುದಿತ್ತು. ಹೆಗಲಿಗೆ ಅಡ್ಡ ಹಾಕುವ ಗುಲಾಬಿ ಬಣ್ಣದ ಪಟ್ಟಿಯೊಂದನ್ನು ಮಡಚಿ ಕೈಯಲ್ಲಿ ಹಿಡಿದಿದ್ದಳು. ಅದರ ಮೇಲೆ ಮಿರಮಿರ ಮಿಂಚುವ 21. ಪಾಸ್‌ಪೋರ್ಟ್ ನೋಡಿದ ಅಧಿಕಾರಿ ಆಗುವುದಿಲ್ಲ ಅಂದರು. ಬರೀ ಎರಡು ದಿನ ಅಲ್ವಾ ಅಂತ ಅವಳು ಎಷ್ಟು ಸಲ ಹೇಳಿದಳೋ. ಬ್ಯಾಗುಗಳು ಆಗಲೇ ಬೆಲ್ಟಿನಲ್ಲಿ ಒಳಗೆ ಹೋಗಿದ್ದವು, ಹುಡುಕಿ ವಾಪಸ್ ತರಲಿಕ್ಕೆ ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಇಬ್ಬರೂ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ದುಡ್ಡೂ ವಾಪಸ್ ಬರಲಿಲ್ಲ. ನಾನು ನೀರಿನ ಬಾಟಲಿ ಕೊಟ್ಟೆ. ಅದಕ್ಕಿಂತ ಜಾಸ್ತಿ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಸಿಂಗಾಪುರದ ಕೌಂಟರಿನ ಎದುರು ನೀನು ಹಾಗೆ ಕೂರುವುದು ನನಗೆ ಬೇಡ.

ಇನ್ನೊಂದು. ನಿನ್ನ ಪಾಸ್‌ಪೋರ್ಟ್ ತೆಗೆದು ಕೊನೆಯ ತಾರೀಕು ನೋಡು.

ಪುಟ್ಟಿ, 9:41
ಮೇ 13.

ನಾನು, 9:45
ಅದೇ ನನ್ನ ಸಂಶಯ. ನಿನಗೆ 14 ಇದ್ದಾಗ ದುಬೈಗೆ ಹೋಗಲಿಕ್ಕೆ ಅಂತ ಮಾಡಿಸಿದ್ದಲ್ವಾ. 15 ತುಂಬದ ಚಿಕ್ಕವರಿಗೆ ಕೊಡುವ ಪಾಸ್‌ಪೋರ್ಟ್ ಐದು ವರ್ಷಕ್ಕೆ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಗೆ ಮುಗಿಯುತ್ತದೆ. ಸಿಂಗಾಪುರಕ್ಕೆ ಆರು ತಿಂಗಳಾದರೂ ಅವಧಿ ಉಳಿದಿರಬೇಕು. ಹಾಗಾಗಿ ವಯಸ್ಸಿನ ಮಾತು ಬಿಟ್ಟರೂ ಈ ಪಾಸ್‌ಪೋರ್ಟಿನಲ್ಲಿ ಹೋಗಲಿಕ್ಕೆ ಆಗುವುದಿಲ್ಲ. ಹೊಸದಕ್ಕೆ ಅರ್ಜಿ ಹಾಕು. ಮಂಗಳೂರಿನ ಸೇವಾ ಕೇಂದ್ರಕ್ಕೆ ನಾನೂ ಬರುತ್ತೇನೆ. ವೀಸಾ ಮಲ್ಟಿಪಲ್ ಎಂಟ್ರಿ ಇರಬೇಕು, ಯಾಕೆಂದರೆ ಹಡಗು ಇಳಿದು ನೀನು ಎರಡನೇ ಸಲ ಸಿಂಗಾಪುರದ ಒಳಗೆ ಬರುತ್ತೀಯ. ದಸರಾ ರಜೆಗೆ ಇಬ್ಬರಿಗೂ 18 ತುಂಬಿರುತ್ತದೆ. ಆಗ ಹೋಗು. ಮೇಯಲ್ಲಿ ಬೇಡ ಅಂತ ನಾನೂ ಹೇಳುತ್ತೇನೆ.

ಪುಟ್ಟಿ ಇಪ್ಪತ್ತು ನಿಮಿಷ ಏನೂ ಬರೆಯಲಿಲ್ಲ. ಅಳುತ್ತಿದ್ದಳು ಅಂತ ಆಮೇಲೆ ಅತ್ತಿಗೆ ಹೇಳಿದರು.

ಪುಟ್ಟಿ, 10:06
ಅಕ್ಟೋಬರಿನಲ್ಲಿ ಹೊರಡುವುದನ್ನು ನೋಡಿದೆ ಅತ್ತೆ. ಉಂಟು. ಅಪ್ಪ, ನೀವು ಹೂಂ ಅಂದರೆ ಮಾತ್ರ.

ಅಣ್ಣ, 10:11
ನಾನು ಇನ್ನೂ ಹೂಂ ಅಂದಿಲ್ಲ. ಆ ನಿಯಮದ ಪೂರ್ತಿ ಪುಟ ಕಳಿಸು. ಮಧ್ಯ ಕತ್ತರಿಸಬೇಡ.

ಪಣಂಬೂರು ಮಾವ, 10:13
ನನಗೂ ಕಳಿಸು ಮಗೂ. ನಾನು ಕಳಿಸಿದ್ದು ಅರ್ಧ ಅಂತ ನನಗೆ ಗೊತ್ತಿರಲಿಲ್ಲ.

ಅತ್ತಿಗೆ, 10:15
ಪುಟ್ಟಿ, ಆ ಹುಡುಗಿಯ ಅಮ್ಮನ ನಂಬರ್ ಕೊಡು. ನಾಳೆ ನಾನೇ ಮಾತಾಡುತ್ತೇನೆ.