ಎಲ್‌ಇಡಿ ಬೀದಿದೀಪದ ಕಾಟಕ್ಕೆ ಫಿಲ್ಟರ್ ಮದ್ದಾದೀತೆ?

ಸಪ್ತರ್ಷಿ:
ವೀಕ್ಷಣಾಲಯದ ದಾರಿಯಲ್ಲಿದ್ದ ಸೋಡಿಯಂ ದೀಪ ತೆಗೆದು 4000 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ, ಅಂಕಿ ಹೆಚ್ಚಿದಷ್ಟೂ ನೀಲಿ ಹೆಚ್ಚು) ಬಿಳಿ ಎಲ್‌ಇಡಿ ಹಾಕಿದ್ದಾರೆ. ದೂರದರ್ಶಕ 200 ಮಿ.ಮೀ. ಕನ್ನಡಿಯ ಡಾಬ್ಸೋನಿಯನ್ (ಕೈಯಲ್ಲೇ ತಿರುಗಿಸುವ ಸರಳ ಪೀಠದ್ದು), ನಾಭಿದೂರ 1200 ಮಿ.ಮೀ. ಚಂದ್ರ, ಶನಿಗೆ ತೊಂದರೆಯಿಲ್ಲ. ಆಂಡ್ರೊಮಿಡಾ ಗೆಲಾಕ್ಸಿ ಮಾತ್ರ ಮಬ್ಬು ಉಂಡೆಯಷ್ಟೇ, ನೋಡಲು ಬಂದವರು "ಇಷ್ಟೇನಾ?" ಅನ್ನುತ್ತಾರೆ. ದೀಪದ ಬೆಳಕು ತಡೆಯಲು ದೂರದರ್ಶಕಕ್ಕೆ ಫಿಲ್ಟರ್ ಕೊಂಡರೆ ಸರಿಹೋದೀತೆ, ಇಲ್ಲಾ ದೀಪವನ್ನೇ ಬದಲಿಸಲು ಕೇಳಬೇಕೆ?

ಅಮಾವಾಸ್ಯೆ:
ಗೆಲಾಕ್ಸಿಗೆಂದು ಫಿಲ್ಟರ್ ಕೊಳ್ಳಬೇಡಿ. ಸೋಡಿಯಂ ಬೆಳಕಿನ ಬಹುಪಾಲು 589 ನ್ಯಾನೋಮೀಟರ್ ತರಂಗಾಂತರದ (ಹಳದಿ ಬಣ್ಣದ) ಆಸುಪಾಸಿನದು, ಅಷ್ಟನ್ನು ತಡೆದರೆ ಒಂದಿಷ್ಟು ಅನುಕೂಲವಿತ್ತು. ಬಿಳಿ ಎಲ್‌ಇಡಿಯ ಬೆಳಕು ನೀಲಿಯಿಂದ ಕೆಂಪಿನವರೆಗೂ ಹರಡಿರುತ್ತದೆ. ಗೆಲಾಕ್ಸಿಯದೂ ನಕ್ಷತ್ರಗಳ ಬೆಳಕೇ, ಅದೂ ಹಾಗೆಯೇ. ಒಂದನ್ನು ತಡೆದರೆ ಇನ್ನೊಂದೂ ಹೋಯಿತು. ಅನಿಲ ನೀಹಾರಿಕೆಗಳ ಮಾತು ಬೇರೆ. ಅವು ಆಕ್ಸಿಜನ್‌ನ 496 ಮತ್ತು 501 ನ್ಯಾನೋಮೀಟರ್ ರೇಖೆಗಳಲ್ಲಿ ಬೆಳಗುವುದರಿಂದ ಆ ರೇಖೆಗಳನ್ನಷ್ಟೇ ಬಿಡುವ ಒ-3 ಫಿಲ್ಟರ್ ಚೆನ್ನಾಗಿ ಕೆಲಸ ಮಾಡುತ್ತದೆ.

ಕಪ್ಪುಬಾನು:
ದೀಪದ ವಿಷಯಕ್ಕೇ ಹೋಗಿ. ಮೊದಲು ಕಂಬದ ತೋಳು ನೋಡಿ. ದೀಪ ಎಷ್ಟೇ ಒಳ್ಳೆಯದಿದ್ದರೂ 10-15 ಡಿಗ್ರಿ ಮೇಲಕ್ಕೆ ವಾಲಿಸಿ ಕೂರಿಸಿದ್ದರೆ ಬೆಳಕು ದಿಗಂತಕ್ಕಿಂತ ತುಸು ಮೇಲೆ ಹಾಯುತ್ತದೆ. ವಾತಾವರಣದಲ್ಲಿ ಅತಿ ಉದ್ದದ ದಾರಿ ಸವೆಸಿ ದೂರದೂರದ ಆಕಾಶವನ್ನೂ ಬೆಳಗಿಸುವುದು ಈ ಬೆಳಕೇ. ಗಾಜು ಚಪ್ಪಟೆಯಾಗಿ ನೆಲಕ್ಕೆ ಸಮಾನಾಂತರವಾಗಿರಬೇಕು. ಸ್ಪ್ಯಾನರ್ ಹಿಡಿದು ತಿದ್ದುವ ಕೆಲಸ, ಹೊಸ ದೀಪವೇ ಬೇಡ.

ಆಮೇಲೆ ಬಣ್ಣ. 2200 ಕೆಲ್ವಿನ್ ಕೇಳಿ. ಗಾಳಿಯ ಅಣುಗಳು 450 ನ್ಯಾನೋಮೀಟರ್‌ನ ನೀಲಿಯನ್ನು 600ರ ಕಿತ್ತಳೆಗಿಂತ ಸುಮಾರು ಮೂರು ಪಟ್ಟು ಹೆಚ್ಚು ಚದುರಿಸುತ್ತವೆ. ಆದರೆ ಬಣ್ಣ ಇಳಿಸಿ ಲ್ಯೂಮೆನ್ (ಬೆಳಕಿನ ಪ್ರಮಾಣ) ಏರಿಸಿದರೆ ಲಾಭ ಕರಗಿಹೋಗುತ್ತದೆ.

ಕೇಳಲು ಹೋಗುವಾಗ ಅಳತೆ ಕೈಯಲ್ಲಿರಲಿ. ಚಂದ್ರನಿಲ್ಲದ, ಮೋಡವಿಲ್ಲದ ರಾತ್ರಿ, ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿದ ಮೇಲೆ ಸ್ಕೈ ಕ್ವಾಲಿಟಿ ಮೀಟರನ್ನು (ಆಕಾಶ ಎಷ್ಟು ಕತ್ತಲೆಂದು ಅಳೆಯುವ ಕೈ ಉಪಕರಣ) ನೆತ್ತಿಯ ಮೇಲಿನ ಆಕಾಶದತ್ತ ಹಿಡಿದು ಐದು ಸಲ ಓದಿ. ದೀಪದ ಬೆಳಕು ನೇರವಾಗಿ ಮೀಟರಿಗೆ ಬೀಳಬಾರದು. ಅಂಕಿ 1 ಕಡಿಮೆಯಾದರೆ ಆಕಾಶ ಎರಡೂವರೆ ಪಟ್ಟು ಬೆಳಗಿದಂತೆ.

ಧ್ರುವ:
ಅಲ್ಲಿಯವರೆಗೆ ದೂರದರ್ಶಕಕ್ಕೂ ದೀಪಕ್ಕೂ ನಡುವೆ ಎರಡು ಮೀಟರ್ ಎತ್ತರದ ಕಪ್ಪು ಪರದೆ ಕಟ್ಟಿ. ಕಣ್ಣು ಕತ್ತಲಿಗೆ ಹೊಂದಲು 20-30 ನಿಮಿಷ ಬೇಕು, ಒಂದು ಮೊಬೈಲ್ ಪರದೆ ಅದನ್ನು ಕೆಡಿಸುತ್ತದೆ. ಟಾರ್ಚಿಗೆ ಕೆಂಪು ಹಾಳೆ ಸುತ್ತಿದ್ದರೆ ಅದರ ಬೆಳಕನ್ನು ಹಳೆಯ ಸಿಡಿಯೊಂದರ ಮೇಲೆ ಬಿಟ್ಟು ನೋಡಿ: ಹಸಿರು, ನೀಲಿ ಪಟ್ಟಿ ಕಂಡರೆ ಹಾಳೆ ಸೋರುತ್ತಿದೆ, ಇನ್ನೊಂದು ಪದರ ಸುತ್ತಿ.

ಇನ್ನೊಂದು, ಆಂಡ್ರೊಮಿಡಾ ಮೂರು ಡಿಗ್ರಿಯಷ್ಟು ಉದ್ದ. 25 ಮಿ.ಮೀ. ಐಪೀಸ್‌ನಲ್ಲಿ (ಕಣ್ಣಿಟ್ಟು ನೋಡುವ ಮಸೂರದಲ್ಲಿ) 48 ಪಟ್ಟು ವರ್ಧನೆ, ಕಾಣುವುದು ಬರೀ ಒಂದು ಡಿಗ್ರಿ ಆಕಾಶ. ಇನ್ನಷ್ಟು ಆಕಾಶ ಕಾಣಲು 32 ಮಿ.ಮೀ. ಹಾಕಿ, ಕೊಳವೆಯನ್ನು ಮೆಲ್ಲಗೆ ಆಚೀಚೆ ಆಡಿಸಿ, ಓರೆಗಣ್ಣಿನಲ್ಲಿ ನೋಡಲು ಹೇಳಿ. ಚಲಿಸುವ ಮಸುಕಿನ ಅಂಚನ್ನು ಕಣ್ಣು ಬೇಗ ಹಿಡಿಯುತ್ತದೆ. ಚಂದ್ರನ ಬೆಳಕೂ ಕತ್ತಲಿಗೆ ಹೊಂದಿದ ಕಣ್ಣನ್ನು ಕೆಡಿಸುತ್ತದೆ, ಅದನ್ನು ಕೊನೆಗೆ ತೋರಿಸಿ.

ಸಪ್ತರ್ಷಿ:
ತೋಳು ವಾಲಿರುವುದು ನಿಜ. ತಿದ್ದಿದರೆ ದಾರಿ ಕತ್ತಲಾಗುತ್ತದೆಂದು ಆಕ್ಷೇಪ ಬಂದರೆ?

ಕಪ್ಪುಬಾನು:
ವ್ಯರ್ಥವಾಗುತ್ತಿದ್ದ ಬೆಳಕೂ ನೆಲಕ್ಕೇ ಬೀಳುತ್ತದೆ, ಕಣ್ಣು ಕುಕ್ಕುವುದೂ ತಪ್ಪುತ್ತದೆ. ಒಂದು ಕಂಬ ಮಾತ್ರ ತಿದ್ದಿಸಿ, ಆಕ್ಷೇಪಿಸುವವರನ್ನು ಅದರ ಕೆಳಗೇ ನಡೆಸಿ ತೋರಿಸಿ.